13 ವರ್ಷ, ಗಂಡು, 500 ರೂಪಾಯಿ

ನಮ್ಮ ಕಡೆ ಚರ್ಚ್‌ನಲ್ಲಿ ಬಡ ಮಕ್ಕಳ ವಯಸ್ಸು ಬರೆದ ಚೀಟಿಗಳನ್ನ ಕ್ರಿಸ್‌ಮಸ್ ಮರಕ್ಕೆ ಕಟ್ತಾರೆ, ಇಷ್ಟ ಇದ್ದವರು ಒಂದು ಚೀಟಿ ತಗೊಂಡು ಆ ಮಗುವಿಗೆ ಗಿಫ್ಟ್ ತಂದುಕೊಡೋದು. ಅದರಲ್ಲಿ ಮೊದಲು ಖಾಲಿ ಆಗೋದು ಸಣ್ಣ ಹೆಣ್ಣುಮಕ್ಕಳದ್ದು. "ಹೆಣ್ಣು, 4 ವರ್ಷ", "ಹೆಣ್ಣು, 6 ವರ್ಷ" ಅಂತ ಬರೆದಿರೋದೆಲ್ಲ ಮೊದಲ ಭಾನುವಾರದ ಪೂಜೆ ಮುಗಿದು ಜನ ಹೊರಗೆ ಬರೋದ್ರೊಳಗೆ ಹೋಗಿರುತ್ತೆ, ಯಾಕಂದ್ರೆ ಫ್ರಾಕು, ಗೊಂಬೆ, ಹೇರ್‌ಬ್ಯಾಂಡು ಇವನ್ನೆಲ್ಲ ಆರಿಸೋದೇ ಒಂದು ಖುಷಿ, ಯಾವ ಅಂಗಡಿಗೆ ಹೋದ್ರೂ ಸಿಗುತ್ತೆ. ಆಮೇಲೆ ಪುಟ್ಟ ಗಂಡುಮಕ್ಕಳದ್ದು, ಕಾರು ಬಸ್ಸು ಅಂತ. ಕ್ರಿಸ್‌ಮಸ್‌ಗೆ ಇನ್ನೊಂದು ವಾರ ಇದೆ ಅನ್ನುವಾಗ ಹೋಗಿ ನೋಡಿದ್ರೆ ಮರದಲ್ಲಿ ಉಳಿದಿರೋದು 12, 13, 14 ವರ್ಷದ ಹುಡುಗರು ಮಾತ್ರ. ಮೀಸೆ ಚಿಗುರೋ ಹುಡುಗನಿಗೆ ಏನು ಕೊಡೋದು ಅಂತ ಯಾರಿಗೂ ಹೊಳೆಯಲ್ಲ, ಅವನನ್ನ ನೋಡಿ ಯಾರಿಗೂ ಅಯ್ಯೋ ಪಾಪ ಅಂತಾನೂ ಅನ್ಸಲ್ಲ.

ಈ ಸಲ ನಾನು ತಗೊಂಡಿದ್ದು ಅಂಥದ್ದೇ ಒಂದು. "ಗಂಡು, 13 ವರ್ಷ." ಅಷ್ಟೇ ಬರೆದಿತ್ತು.

ವಿಷಯ ಏನಂದ್ರೆ, ನಾನಿರೋದು ಕೊಡಗಿನ ಸಿದ್ದಾಪುರದ ಹತ್ರ ಒಂದು ಕಾಫಿ ತೋಟದಲ್ಲಿ, ರೈಟರ್ ಕೆಲಸ. ಚೆಕ್‌ರೋಲ್ ಅಂದ್ರೆ ಆಳುಗಳ ಹಾಜರಿ ಪುಸ್ತಕ ಬರೆಯೋದು, ಕಾಫಿ ಕುಯ್ದಿದ್ದನ್ನ ಸಂಜೆ ತೂಕ ಹಾಕಿಸೋದು, ವಾರಕ್ಕೊಮ್ಮೆ ಬಟವಾಡೆ ಮಾಡೋದು. ನಾವು ಕ್ರಿಶ್ಚಿಯನ್ನರಲ್ಲ, ಗೌಡರು, ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಮಾಡುವವರು. ಆದ್ರೆ ನಮ್ಮ ಪಕ್ಕದ ಮನೆ ಟೀಚರ್ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಹುತ್ತರಿಗೆ ನಮ್ಮನೆಯಿಂದ ತಂಬಿಟ್ಟು ಅವರಲ್ಲಿಗೆ ಹೋದ್ರೆ ಕ್ರಿಸ್‌ಮಸ್‌ಗೆ ಅವರ ಮನೆ ಕುಸ್ವಾರ್, ಅಂದ್ರೆ ಕ್ರಿಸ್‌ಮಸ್ ತಿಂಡಿ, ನಮ್ಮಲ್ಲಿಗೆ ಬರುತ್ತೆ, ಹಾಗಾಗಿ ಚರ್ಚ್‌ನವರು ಈ ಚೀಟಿ ಪದ್ಧತಿ ಶುರು ಮಾಡಿದಾಗ ನಮ್ಮನೆಗೂ ಒಂದು ಚೀಟಿ ಬರ್ತಾ ಬಂತು. ಗೋದಲಿ ಪಕ್ಕ ಒಂದು ಸಿಲ್ವರ್ ಓಕ್ ಕೊಂಬೆ ನಿಲ್ಲಿಸ್ತಾರೆ, ನಕ್ಷತ್ರದ ಥರ ಕತ್ತರಿಸಿದ ರಟ್ಟಿನ ಚೀಟಿಗಳಲ್ಲಿ ಸುತ್ತಮುತ್ತಲಿನ ಲೈನ್ ಮನೆಗಳ, ಅಂದ್ರೆ ತೋಟದ ಆಳುಗಳು ಇರೋ ಸಾಲುಮನೆಗಳ, ಮಕ್ಕಳ ವಯಸ್ಸು ಬರೆದು ಕಟ್ಟಿರ್ತಾರೆ. ಹೆಸರಿಲ್ಲ, ಯಾವ ತೋಟ ಅಂತ ಇಲ್ಲ, ಜಾತಿ ಧರ್ಮ ಏನೂ ಇಲ್ಲ. ಹಿಂದುಗಡೆ ಒಂದು ನಂಬರ್ ಇರುತ್ತೆ, ಅದು ಯಾರು ಅನ್ನೋದು ಸಿಸ್ಟರ್ ಹತ್ರ ಇರೋ ಪುಸ್ತಕಕ್ಕೆ ಮಾತ್ರ ಗೊತ್ತು.

ಈ ಚೀಟಿ ಕಟ್ಟೋ ಐಡಿಯಾ ಇಲ್ಲಿಯದ್ದಲ್ಲ. ಅಮೆರಿಕದ ವರ್ಜೀನಿಯಾದಲ್ಲಿ ಲಿಂಚ್‌ಬರ್ಗ್ ಅಂತ ಒಂದೂರಿದೆ, ಅಲ್ಲಿ 1979ರಲ್ಲಿ ಸಾಲ್ವೇಶನ್ ಆರ್ಮಿ ಅನ್ನೋ ಕ್ರಿಶ್ಚಿಯನ್ ಸೇವಾ ಸಂಸ್ಥೆಯವರು ದೇವದೂತರ ಚಿತ್ರ ಇರೋ ಗ್ರೀಟಿಂಗ್ ಕಾರ್ಡ್‌ಗಳಲ್ಲಿ ಬಡ ಮಕ್ಕಳಿಗೆ ಏನು ಬೇಕು ಅಂತ ಬರೆದು ಒಂದು ಶಾಪಿಂಗ್ ಮಾಲ್‌ನ ಕ್ರಿಸ್‌ಮಸ್ ಮರಕ್ಕೆ ನೇತುಹಾಕಿದ್ರು, ಬಂದವರು ಒಂದೊಂದು ಕಾರ್ಡ್ ತಗೊಂಡು ಹೋಗಿ ಅದನ್ನ ಕೊಂಡು ತರೋದು. ಏಂಜಲ್ ಟ್ರೀ ಅಂತ ಅದಕ್ಕೆ ಹೆಸರು ಬಿತ್ತು, ಅಲ್ಲಿಂದ ಎಲ್ಲ ಕಡೆ ಹಬ್ಬಿತು. ನಮ್ಮಲ್ಲಿ ಅದಕ್ಕೆ ಸೇರಿಸಿದ್ದು ಒಂದೇ ರೂಲ್ಸು, 500 ರೂಪಾಯಿ ದಾಟಬಾರದು. ಒಬ್ಬ ಪ್ಲಾಂಟರ್ ಮನೆಯವರು ಒಂದು ಮಗುವಿಗೆ ಸೈಕಲ್ ಕೊಟ್ಟು, ಅದೇ ಲೈನಿನ ಪಕ್ಕದ ಬಾಗಿಲ ಮಗುವಿಗೆ ಇನ್ಯಾರೋ ಪೆನ್ಸಿಲ್ ಬಾಕ್ಸ್ ಕೊಟ್ರೆ ಏನಾಗುತ್ತೆ ಅಂತ ಲೈನ್ ಮನೆ ನೋಡಿದವರಿಗೆ ಹೇಳಬೇಕಾಗಿಲ್ಲ. ಹತ್ತು ಬಾಗಿಲು ಸಾಲಾಗಿ ಇರುತ್ತೆ, ಮಧ್ಯದ ಗೋಡೆ ಹೆಸರಿಗೆ ಮಾತ್ರ, ಒಂದು ಮನೆಯಲ್ಲಿ ಒಗ್ಗರಣೆ ಹಾಕಿದ್ರೆ ಕೊನೆಯ ಮನೆಗೆ ಗೊತ್ತಾಗುತ್ತೆ. ನನ್ನ ಪ್ರಕಾರ ಇಡೀ ಪದ್ಧತಿಯಲ್ಲಿ ಅತ್ಯಂತ ಬುದ್ಧಿವಂತಿಕೆಯ ಕೆಲಸ ಆ 500ರ ಮಿತಿ.

ಸರಿ, 500 ರೂಪಾಯಿಗೆ 13 ವರ್ಷದ ಹುಡುಗನಿಗೆ ಏನು?

ಕೇಳಿದ ಕೂಡಲೇ ಸಲಹೆ ಶುರುವಾಯ್ತು. ನಮ್ಮನೆಯವಳು ಸ್ವೆಟರ್ ಅಂದ್ಲು, ಡಿಸೆಂಬರ್ ಚಳಿ, ಬೆಳಗ್ಗೆ ಎಂಟಾದ್ರೂ ಮಂಜು ಬಿಡಲ್ಲ, ಮಡಿಕೇರಿ ಶುಕ್ರವಾರ ಸಂತೆಗೆ ಹೋದ್ರೆ ಮುನ್ನೂರಕ್ಕೆ ಒಳ್ಳೇದೇ ಸಿಗುತ್ತೆ ಅಂತ. ಆಫೀಸಲ್ಲಿ ಇನ್ನೊಬ್ರು ಸ್ಕೂಲ್ ಬ್ಯಾಗ್ ಅಂದ್ರು. ಇನ್ಯಾರೋ ಕಂಬಳಿ. ನಮ್ಮ ಮೇಸ್ತ್ರಿ ಮಾತ್ರ, "ಸಾರ್, ಇಷ್ಟೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ, ಐನೂರು ರೂಪಾಯಿ ಅವ್ನ ಕೈಗೆ ಕೊಟ್ಬಿಡಿ" ಅಂದ.

ಮೇಸ್ತ್ರಿ ಮಾತನ್ನ ನಾನು ತಳ್ಳಿಹಾಕಲ್ಲ. ದುಡ್ಡು ಕೊಡೋದು ಬಡವರಿಗೆ ಅವಮಾನ ಅಂತ ಹೇಳೋರು ಬಹುಶಃ ಯಾವತ್ತೂ ಬಡವರಾಗಿದ್ದವರಲ್ಲ. ಆದ್ರೆ ಅಡ್ವಾನ್ಸ್ ಪುಸ್ತಕ ಬರೆಯೋನು ನಾನೇ, ಶನಿವಾರ ಯಾರು ಎಷ್ಟು ಯಾಕೆ ಕೇಳ್ತಾರೆ ಅಂತ ನಂಗೆ ಗೊತ್ತು. ಅಕ್ಕಿ, ಊರಿಗೆ ಕಳಿಸೋಕೆ, ಮೊಬೈಲ್ ರೀಚಾರ್ಜ್, ಅಂಗಡಿ ಸಾಲ. ಆ ಹುಡುಗನ ಕೈಗೆ 500 ಕೊಟ್ರೆ ಅದು ಸಂಜೆಯೊಳಗೆ ಮನೆ ಖರ್ಚಿಗೆ ಸೇರುತ್ತೆ, ಸೇರಬೇಕಾದ್ದೇ, ಅದರಲ್ಲಿ ತಪ್ಪೇನಿಲ್ಲ. ಆದ್ರೆ ಹುಡುಗನಿಗೆ ಕ್ರಿಸ್‌ಮಸ್‌ಗೆ ಏನು ಸಿಕ್ತು ಅಂದ್ರೆ ಏನೂ ಇಲ್ಲ.

ಕಂಬಳಿಯದ್ದೂ ಅದೇ ಕತೆ. ಲೈನ್ ಮನೆ ಅಂದ್ರೆ ಒಂದು ಕೋಣೆ, ಒಂದು ಅಡುಗೆಮನೆ, ಒಳಗೆ ಅಡ್ಡ ಕಟ್ಟಿದ ಒಂದು ಹಗ್ಗ. ಆ ಹಗ್ಗದ ಮೇಲೆ ಎಲ್ಲರ ಬಟ್ಟೆ. ಕಂಬಳಿ ಕೊಟ್ರೆ ಅದು ಮನೆಯದ್ದು, ರಾತ್ರಿ ಚಿಕ್ಕ ತಂಗಿಗೋ ಕೆಮ್ಮೋ ಅಪ್ಪನಿಗೋ ಹೋಗುತ್ತೆ. ಸ್ವೆಟರ್ ಕೊಟ್ರೆ ಬೆಳಗ್ಗೆ ಏಳು ಗಂಟೆಗೆ ಕಾಫಿ ಕುಯ್ಯೋಕೆ ಹೋಗೋ ಅಮ್ಮ ಹಾಕ್ಕೊಂಡು ಹೋಗ್ತಾಳೆ, ಒದ್ದೆ ಗಿಡದ ಮಧ್ಯೆ ನಿಲ್ಲೋಳು ಅವಳೇ ಅಲ್ವಾ. ಬ್ಯಾಗು? ಸರ್ಕಾರಿ ಸ್ಕೂಲಲ್ಲಿ ಯೂನಿಫಾರ್ಮ್, ಟೆಕ್ಸ್ಟ್ ಬುಕ್, ಶೂ ಸಾಕ್ಸ್ ಕೊಡ್ತಾರೆ, 2013ರಿಂದ ಹಾಲು ಇದೆ, ಈಗ ಮೊಟ್ಟೆ ಬಾಳೆಹಣ್ಣು ಇದೆ, ಬ್ಯಾಗ್ ಅಂತೂ ಪ್ರತಿ ಜೂನ್‌ನಲ್ಲಿ ಯಾವುದಾದ್ರೂ ಕ್ಲಬ್ಬಿನವರೋ ಎಲೆಕ್ಷನ್ ಹತ್ರ ಬಂದ್ರೆ ಯಾವುದಾದ್ರೂ ಮುಖಂಡರೋ ತಮ್ಮ ಫೋಟೋ ಪ್ರಿಂಟ್ ಹಾಕಿಸಿ ಹಂಚ್ತಾರೆ.

ಅಂದ್ರೆ ನಾನು ಹೇಳೋದು ಇಷ್ಟು. ಈ ಮಕ್ಕಳಿಗೆ ಬೇಕಾಗಿರೋ ಮುಖ್ಯವಾದ್ದು ಯಾವುದೂ 500 ರೂಪಾಯಿಯಲ್ಲಿ ಬರಲ್ಲ, ಬರಬೇಕಾದ್ದೂ ದಾನದಿಂದಲ್ಲ. 1951ರ ಪ್ಲಾಂಟೇಶನ್ ಲೇಬರ್ ಆಕ್ಟ್‌ನಲ್ಲೇ ಕಾರ್ಮಿಕರಿಗೆ ಮನೆ ಕೊಡಬೇಕು, 50ಕ್ಕಿಂತ ಕಡಿಮೆ ಇಲ್ಲದಷ್ಟು ಹೆಂಗಸರು ಕೆಲಸ ಮಾಡೋ ತೋಟದಲ್ಲಿ ಮಕ್ಕಳನ್ನ ನೋಡ್ಕೊಳ್ಳೋ ಕ್ರೆಷ್ ಇರಬೇಕು, 6ರಿಂದ 12 ವರ್ಷದ ಮಕ್ಕಳು 25 ದಾಟಿದ್ರೆ ಓದಿಗೆ ವ್ಯವಸ್ಥೆ ಮಾಡೋ ಹಾಗೆ ಮಾಲೀಕರಿಗೆ ಸರ್ಕಾರ ಹೇಳಬಹುದು ಅಂತೆಲ್ಲ ಬರೆದಿಟ್ಟಿದ್ರು. ಕೊಡಗಿನ ಬಹಳ ತೋಟಗಳು ಸಣ್ಣವು, ಆ ಲೆಕ್ಕಕ್ಕೇ ಸಿಗಲ್ಲ, ಸಿಗೋ ಕಡೆ ಹೇಗಿದೆ ಅಂತ ನಾನು ಸಂಬಳ ತಗೊಳ್ಳೋ ಜಾಗದಲ್ಲಿ ಕೂತು ಬರೆಯೋಕೆ ಹೋಗಲ್ಲ. ಇರಲಿ. ಸೂರು, ಬೆಚ್ಚಗಿನ ಬಟ್ಟೆ, ಪುಸ್ತಕ ಇದೆಲ್ಲ ಆ ಮಗುವಿಗೆ ಹಕ್ಕಿನಿಂದ ಬರಬೇಕಾದ್ದು, ವರ್ಷಕ್ಕೊಂದು ದಿನ ನಾನು ಅದರಲ್ಲಿ ಒಂದು ಚೂರನ್ನ ಬಣ್ಣದ ಕಾಗದದಲ್ಲಿ ಸುತ್ತಿ 'ಗಿಫ್ಟ್' ಅಂತ ಕೊಟ್ರೆ ಅದು ಮೋಸ ಅನ್ಸುತ್ತೆ ನಂಗೆ. ಹಬ್ಬದ ಉಡುಗೊರೆ ಅಂದ್ಮೇಲೆ ಅದು ಅಗತ್ಯ ಇಲ್ಲದ್ದೇ ಆಗಿರಬೇಕು. ನಮ್ಮ ಮಕ್ಕಳಿಗೆ ಬರ್ತ್‌ಡೇಗೆ ಅಕ್ಕಿ ಚೀಲ ಕೊಡ್ತೀವಾ?

ಇದಕ್ಕೆ ನಮ್ಮನೆಯವಳು ಒಪ್ಪಲಿಲ್ಲ, ಈಗಲೂ ಒಪ್ಪಿಲ್ಲ. "ನಿಮ್ಗೆ ಚಳಿ ಆಗ್ತಿಲ್ಲ ಅದಕ್ಕೆ ಹೀಗೆ ಮಾತಾಡ್ತೀರಿ" ಅಂತಾಳೆ. ಅದರಲ್ಲಿ ಸತ್ಯ ಇದೆ.

ಹಾಗಂತ ಬೇಡದ್ದನ್ನೆಲ್ಲ ತಂದು ಸುರಿಯೋದೂ ಅಲ್ಲ. 2018ರ ಆಗಸ್ಟಲ್ಲಿ ಗುಡ್ಡ ಕುಸಿದಾಗ ಕೊಡಗಿಗೆ ಲಾರಿಗಟ್ಟಲೆ ಸಾಮಾನು ಬಂತು, ಬಹಳ ಜನ ಪ್ರೀತಿಯಿಂದ ಕಳಿಸಿದ್ರು, ಅದನ್ನ ಯಾವತ್ತೂ ಮರೆಯೋ ಹಾಗಿಲ್ಲ. ಆದ್ರೆ ಅದರ ಜೊತೆಗೇ ಹಳೇ ಬಟ್ಟೆ ಗಂಟುಗಳೂ ಬಂದವು, ಜಿಪ್ ಹೋದ ಪ್ಯಾಂಟು, ಹರಿದ ನೈಟಿ, ಯಾರದ್ದೋ ಮದುವೆಯ ಜರಿ ಲಂಗ, ಒಂದೇ ಕಾಲಿನ ಶೂ. ಪರಿಹಾರ ಕೇಂದ್ರದಲ್ಲಿ ಆ ರಾಶಿಯಿಂದ ಒಂದು ಸರಿಯಾದ ಶರ್ಟ್ ಹುಡುಕೋ ಹೊತ್ತಿಗೆ ಮನುಷ್ಯ ತನ್ನ ಮನೆ ಹೋಗಿದ್ದಕ್ಕಿಂತ ಜಾಸ್ತಿ ಸಣ್ಣವನಾಗ್ತಿದ್ದ. ಅವತ್ತಿಂದ ನಂಗೆ ಮನೆಯಲ್ಲಿ ಉಳಿದಿದ್ದನ್ನ ಕೊಡೋದು ಅಂದ್ರೆ ಆಗಲ್ಲ. ಅಮೆರಿಕದಲ್ಲಿ ಮರೀನ್ ಕೋರ್ ರಿಸರ್ವ್ ಅನ್ನೋ ಸೇನಾಪಡೆಯವರು 1947ರಲ್ಲಿ ಲಾಸ್ ಏಂಜಲೀಸಲ್ಲಿ ಶುರು ಮಾಡಿದ ಟಾಯ್ಸ್ ಫಾರ್ ಟಾಟ್ಸ್ ಅಂತ ಒಂದಿದೆ, ಬಡ ಮಕ್ಕಳಿಗೆ ಆಟದ ಸಾಮಾನು ಕೂಡಿಸೋದು, ಅವರು ಕೇಳೋದು ಎರಡೇ, ಹೊಸದಾಗಿರಬೇಕು ಮತ್ತೆ ಪ್ಯಾಕ್ ಮಾಡದೆ ಹಾಗೇ ಕೊಡಬೇಕು. ಒಳಗೇನಿದೆ ಅಂತ ಕಂಡ್ರೆ ತಾನೇ ಯಾವ ಮಗುವಿಗೆ ಯಾವುದು ಅಂತ ನೋಡಿ ಕೊಡೋಕಾಗೋದು.

ಇನ್ನು ಅಂಗಡಿ ಸುತ್ತಿದ ಕತೆ. ಆಟದ ಸಾಮಾನಿನ ಅಂಗಡಿಯಲ್ಲಿ 500ರ ಒಳಗೆ ಸಿಗೋದು ಬಹುಪಾಲು ಬ್ಯಾಟರಿ ಹಾಕಿ ಮೂತಿಯಲ್ಲಿ ಲೈಟ್ ಹೊಡೆಯೋ ವಸ್ತು. ರಿಮೋಟ್ ಕಾರಿಗೆ ಸೆಲ್ ಎರಡು ದಿನದಲ್ಲಿ ಮುಗಿಯುತ್ತೆ, ಮೂರನೇ ದಿನ ಅದಕ್ಕೆ ಸೆಲ್ ತರೋಕೆ ಅಪ್ಪನ ಹತ್ರ ದುಡ್ಡು ಕೇಳಬೇಕು, ಅಂದ್ರೆ ನಾವು ಕೊಟ್ಟ ಗಿಫ್ಟು ಆ ಮನೆಗೆ ಒಂದು ಖರ್ಚು. 2021ರ ಜನವರಿ 1ರಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ, ಮಕ್ಕಳು ಅಂದ್ರೆ 14 ವರ್ಷದ ಒಳಗಿನವರು. ಸಂತೆಯಲ್ಲಿ ಟಾರ್ಪಲ್ ಮೇಲೆ ಹರಡಿರೋದರಲ್ಲಿ ಆ ಗುರುತು ಹುಡುಕಿದ್ರೆ ಮಾರೋನು ನಮ್ಮನ್ನ ಇನ್ಸ್‌ಪೆಕ್ಟರ್ ಅಂದ್ಕೊಂಡು ನೋಡ್ತಾನೆ. ಚನ್ನಪಟ್ಟಣದ ಗೊಂಬೆ ಚೆಂದ, ಹಾಲೆ ಮರ, ಅರಗಿನ ಬಣ್ಣ, ಬಾಯಿಗೆ ಹಾಕ್ಕೊಂಡ್ರೂ ಭಯ ಇಲ್ಲ, 4 ವರ್ಷದ ಚೀಟಿ ಸಿಕ್ಕಿದ್ರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ತಿದ್ದೆ. 13ರವನಿಗೆ ಬುಗುರಿ ಕೊಟ್ರೆ ನಗ್ತಾನೆ.

ಪುಸ್ತಕದ ಯೋಚನೆಯೂ ಬಂತು. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರದ್ದು ಕಡಿಮೆ ಬೆಲೆಗೆ ಒಳ್ಳೊಳ್ಳೆ ಚಿತ್ರದ ಪುಸ್ತಕ ಸಿಗುತ್ತೆ, ಬೇರೆ ಬೇರೆ ಭಾಷೆಯಲ್ಲೂ ಇದೆ. ಆದ್ರೆ ಚೀಟಿಯಲ್ಲಿ ಭಾಷೆ ಬರೆದಿಲ್ಲ ನೋಡಿ. ಈಗ ನಮ್ಮ ಕಡೆ ಲೈನುಗಳಲ್ಲಿ ಯರವರು, ಪಣಿಯರು, ತಮಿಳರು ಇದ್ದಾರೆ, ಅಸ್ಸಾಂನವರು, ಬಂಗಾಳದವರು, ಜಾರ್ಖಂಡ್‌ನವರು ಇದ್ದಾರೆ. ಮನೆಯಲ್ಲಿ ಒಂದು ಭಾಷೆ, ಆಟದಲ್ಲಿ ಒಂದು ಭಾಷೆ, ಸ್ಕೂಲಲ್ಲಿ ಕನ್ನಡ. ಅಸ್ಸಾಂನಿಂದ ಬಂದು ಎರಡು ವರ್ಷ ಆದ ಹುಡುಗ ನನ್ನ ಹತ್ರ ಕನ್ನಡ ನೀಟಾಗಿ ಮಾತಾಡ್ತಾನೆ, ಓದು ಅಂದ್ರೆ ಮಾತ್ರ ಜಾಗ ಖಾಲಿ ಮಾಡ್ತಾನೆ. ಅವನಿಗೆ ಪುಸ್ತಕ ಕೊಟ್ರೆ ಅದು ಇನ್ನೊಂದು ಹೋಮ್‌ವರ್ಕ್.

ಪಕ್ಕದ ಮನೆ ಟೀಚರಿಗೇ ಕೊನೆಗೆ ಕೇಳಿದೆ, "ಟೀಚರೇ, ನಿಮ್ಮ ಸ್ಕೂಲಿನ ಎಂಟನೇ ಕ್ಲಾಸ್ ಹುಡುಗ್ರು ಸ್ಕೂಲ್ ಬಿಟ್ಮೇಲೆ ಏನ್ ಮಾಡ್ತಾರೆ?" ಅವರು ಯೋಚನೆಯೇ ಮಾಡಲಿಲ್ಲ. "ಬಾಲ್ ಒದೀತಾರೆ ಅಣ್ಣಾ. ಬಾಲ್ ಇದ್ರೆ ಬಾಲ್, ಇಲ್ದಿದ್ರೆ ಪ್ಲಾಸ್ಟಿಕ್ ಕವರು ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ್ದು."

ಕೊಡಗು ಅಂದ ಕೂಡಲೇ ಎಲ್ಲರೂ ಹಾಕಿ ಅಂತಾರೆ, ನಿಜ, 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ಈಗ ಎಲ್ಲೆಲ್ಲಿಂದಲೋ ಜನ ಬರ್ತಾರೆ. ಆದ್ರೆ ಹಾಕಿಗೆ ತಲೆಗೊಂದು ಸ್ಟಿಕ್ ಬೇಕು. ಫುಟ್‌ಬಾಲ್‌ಗೆ ಹತ್ತು ಹುಡುಗರ ಮಧ್ಯೆ ಒಂದು ಬಾಲ್ ಸಾಕು. ಮತ್ತೆ ಬಂಗಾಳ ಜಾರ್ಖಂಡ್ ಕಡೆಯ ಹುಡುಗರ ಕಾಲಲ್ಲಿ ಫುಟ್‌ಬಾಲ್ ಮೊದಲೇ ಇರುತ್ತೆ. ನಂಗೆ ಇನ್ನೂ ಹಿಡಿಸಿದ್ದು ಏನಂದ್ರೆ, ಕಂಬಳಿ ಹಂಚಿಕೊಂಡ್ರೆ ಹುಡುಗನದ್ದಾಗಿ ಉಳಿಯಲ್ಲ, ಬಾಲ್ ಹಂಚಿಕೊಂಡಷ್ಟೂ ಅದು ಅವನದ್ದೇ. ಇಡೀ ಲೈನಿನ ಮಕ್ಕಳು ಅವನ ಬಾಗಿಲಿಗೆ ಬಂದು ಕರೀಬೇಕು. ಬಾಲ್ ಯಾರದ್ದೋ ಅವನು ಹೇಳಿದ್ದೇ ಪೆನಾಲ್ಟಿ, ಇದು ನಮ್ಮ ಕಾಲದಿಂದ ಇರೋ ಕಾನೂನು. ಕುಯ್ಲು ಮುಗಿದು ಮಾರ್ಚ್‌ನಲ್ಲಿ ಅಪ್ಪ ಅಮ್ಮ ಊರಿಗೆ ಹೊರಟ್ರೂ ಗಾಳಿ ಬಿಟ್ಟು ಮಡಚಿ ಬ್ಯಾಗಿಗೆ ಹಾಕಿದ್ರೆ ರೈಲಲ್ಲಿ ಜಾಗ ತಿನ್ನಲ್ಲ.

ಆದ್ರೆ 500 ರೂಪಾಯಿಗೆ ಬಾಲ್ ತಗೊಳ್ಳೋದೂ ಸುಲಭ ಇಲ್ಲ, ಯಾರಾದ್ರೂ ತಗೊಳ್ಳೋರಿದ್ರೆ ಅಂತ ಸ್ವಲ್ಪ ವಿವರವಾಗಿ ಬರೀತೀನಿ. ಮೊದಲು ಸೈಜ್. ಸೈಜ್ 3 ಸಣ್ಣ ಮಕ್ಕಳಿಗೆ, 4 ಸುಮಾರು 8ರಿಂದ 12 ವರ್ಷದವರಿಗೆ, ಅದರ ಮೇಲೆ ಸೈಜ್ 5, ದೊಡ್ಡವರು ಆಡೋದೂ ಅದೇ, ಸುತ್ತಳತೆ 68ರಿಂದ 70 ಸೆಂಟಿಮೀಟರ್, ತೂಕ 410ರಿಂದ 450 ಗ್ರಾಂ. ಚೀಟಿ 13 ವರ್ಷ ಅಂದಿದ್ದಕ್ಕೆ ಸೈಜ್ 5. 4 ತಗೊಂಡ್ರೆ ಐವತ್ತು ನೂರು ಉಳೀತಿತ್ತು, ಆದ್ರೆ ಆ ವಯಸ್ಸಿನ ಹುಡುಗನಿಗೆ ಮಕ್ಕಳ ಬಾಲ್ ಕೊಡೋದಕ್ಕಿಂತ ಏನೂ ಕೊಡದೇ ಇರೋದು ವಾಸಿ.

ಆಮೇಲೆ ಹೊರಗಿನ ಪದರ. ಅಂಗಡಿಯವನು ಮೊದಲು ತೋರಿಸಿದ್ದು ಹೊಲಿಗೆ ಹಾಕಿದ ಬಾಲ್, ಫಳಫಳ ಹೊಳೀತಿತ್ತು, ವಿದೇಶಿ ಕ್ಲಬ್ಬಿನ ಲೋಗೋ ಬೇರೆ, 350ಕ್ಕೇ. ಅದನ್ನ ಹುಲ್ಲಿನ ಮೇಲೆ ಆಡಿದ್ರೆ ಸರಿ, ಇಲ್ಲಿ ಲೈನಿನ ಮುಂದೆ ಜಲ್ಲಿ, ಕಾಫಿ ಗಿಡದ ಕುತ್ತಿ, ಸಿಮೆಂಟ್ ಕಣ. ಕೆಳಗೆ ಉಜ್ಜಿ ಉಜ್ಜಿ ಮೊದಲು ಹೋಗೋದೇ ದಾರ, ಒಂದು ಕಡೆ ಹೊಲಿಗೆ ಬಿಟ್ರೆ ಅಲ್ಲಿಂದ ಬ್ಲ್ಯಾಡರ್, ಅಂದ್ರೆ ಒಳಗಿನ ಗಾಳಿ ಚೀಲ, ಊದಿಕೊಂಡು ಹೊರಗೆ ಬರುತ್ತೆ. ಅದಕ್ಕೆ ಹೊಲಿಗೆಯೇ ಇಲ್ಲದ, ರಬ್ಬರಿನ ಮೋಲ್ಡೆಡ್ ಬಾಲ್ ತಗೊಳ್ಳಬೇಕು. ನೋಡೋಕೆ ಅಷ್ಟು ಚೆಂದ ಇಲ್ಲ, ಒದ್ದಾಗ ಸ್ವಲ್ಪ ಗಟ್ಟಿ, ಹೆಡ್ ಮಾಡಿದ್ರೆ ಹಣೆ ಚುರ್ ಅನ್ನುತ್ತೆ, ಆದ್ರೆ ಜಲ್ಲಿ ಮೇಲೆ ಬಾಳಿಕೆ ಬರೋದು ಅದೇ, ಮಳೆಯಲ್ಲಿ ನೀರೂ ಕುಡಿಯಲ್ಲ. ಒಳಗಿನ ಬ್ಲ್ಯಾಡರ್ ಬ್ಯೂಟೈಲ್ ಅಂತ ಬರೆದಿದ್ರೆ ಗಾಳಿ ಬಹಳ ದಿನ ನಿಲ್ಲುತ್ತೆ, ಲೇಟೆಕ್ಸ್‌ದಾದ್ರೆ ಬೇಗ ಇಳಿಯುತ್ತೆ. ನಂಗೆ ಸಿಕ್ಕಿದ್ದು ಜಲಂಧರ್ ಕಂಪನಿಯದ್ದು, ನಮ್ಮ ದೇಶದಲ್ಲಿ ಫುಟ್‌ಬಾಲ್ ಅಂದ್ರೆ ಬಹಳಷ್ಟು ಅಲ್ಲಿಂದಲೇ ಬರೋದು, 420 ರೂಪಾಯಿ.

ಉಳಿದಿದ್ದು 80 ರೂಪಾಯಿ, ಗಾಳಿ ಹೊಡೆಯೋ ಪಂಪ್ 130. ಪಂಪ್ ಇಲ್ಲದ ಬಾಲ್ ಒಂದು ತಿಂಗಳ ಬಾಲ್. ಅಂಗಡಿಯಲ್ಲೇ ನಿಂತು ಲೆಕ್ಕ ಹಾಕ್ದೆ, ಪಂಪ್ ಸೇರಿಸಿದ್ರೆ 550, ರೂಲ್ಸ್ ದಾಟುತ್ತೆ. ಐವತ್ತು ರೂಪಾಯಿಗೆ ಯಾರು ಕೇಳ್ತಾರೆ ಅಂತ ಅನ್ನಬಹುದು, ಆದ್ರೆ ಮಿತಿಯನ್ನ ಅಷ್ಟು ಹೊಗಳಿ ನಾನೇ ದಾಟಿದ್ರೆ ಹೇಗೆ. ಅಂಗಡಿಯವನೇ ದಾರಿ ತೋರಿಸಿದ, "ನೀಡಲ್ ಮಾತ್ರ ತಗೊಂಡ್ಹೋಗಿ ಸಾರ್, ಸೈಕಲ್ ಶಾಪಲ್ಲಿ ಹಾಕಿಸ್ಕೊಳ್ಳಬಹುದು." ನೀಡಲ್ ಎರಡು ತಗೊಂಡೆ, ಒಂದು ಹೇಗೂ ಕಳೆದುಹೋಗುತ್ತೆ. ವಾಲ್ವ್ ಒಳಗೆ ಚುಚ್ಚೋ ಮುಂಚೆ ಅದನ್ನ ಸ್ವಲ್ಪ ಒದ್ದೆ ಮಾಡಬೇಕು, ಒಣ ನೀಡಲ್ ಚುಚ್ಚಿದ್ರೆ ವಾಲ್ವ್ ಹರಿದು ಬಾಲೇ ಹಾಳು, ಅದನ್ನ ಒಂದು ಚೀಟಿಯಲ್ಲಿ ಚಿತ್ರ ಬರೆದು ಇಟ್ಟೆ, ಭಾಷೆ ಯಾವುದಾದ್ರೂ ಇರಲಿ ಅಂತ.

ಒಂದು ತೊಂದರೆ ಮಾತ್ರ ಬಗೆಹರಿಯಲಿಲ್ಲ. ತೋಟದಲ್ಲಿ ಮಕ್ಕಳು ಆಡೋಕೆ ಇರೋ ಒಂದೇ ಸಮತಟ್ಟು ಜಾಗ ಅಂದ್ರೆ ಕಾಫಿ ಒಣಗಿಸೋ ಕಣ, ಕ್ರಿಸ್‌ಮಸ್ ಹೊತ್ತಿಗೆ ಅದರ ತುಂಬ ಅರೇಬಿಕಾ ಹರಡಿರುತ್ತೆ, ಅದು ಎತ್ತೋ ಹೊತ್ತಿಗೆ ರೋಬಸ್ಟಾ ಬಂದು ಬೀಳುತ್ತೆ. ಈಗಿನ ಕಾಫಿ ರೇಟಲ್ಲಿ ಕಣದ ಮೇಲೆ ಕಾಗೆ ಬಂದು ಕೂತ್ರೂ ಓಡಿಸೋಕೆ ಆಳಿದೆ, ಅಲ್ಲಿಗೆ ಒಂದು ಬಾಲ್ ಬಂದು ಬಿದ್ರೆ ಮೊದಲು ಕೂಗಾಡೋನು ರೈಟರ್. ನನ್ನ ಬಾಲ್ ಯಾವ ತೋಟಕ್ಕೆ ಹೋಗಿದೆ ಅಂತ ಗೊತ್ತಿಲ್ಲ, ಆ ತೋಟದ ರೈಟರ್ ಇದನ್ನ ಓದ್ತಾ ಇದ್ರೆ, ಸಾರಿ ಗುರುವೇ, ಮಾರ್ಚ್ ತನಕ ತಡ್ಕೋ.

ಕೊಡೋ ರೀತಿ ಬಗ್ಗೆಯೂ ಸ್ವಲ್ಪ ಹೇಳ್ಬೇಕು. ಮೊದಲೆಲ್ಲ ಚರ್ಚ್ ಹಾಲಲ್ಲಿ ಸ್ಟೇಜ್ ಹಾಕಿ, ಸಾಂಟಾ ವೇಷ ಹಾಕ್ಕೊಂಡವರು ಒಬ್ಬೊಬ್ಬರ ನಂಬರ್ ಕೂಗಿ ಕೊಡ್ತಿದ್ರು, ಫೋಟೋ ತೆಗೆದು ಗ್ರೂಪಿಗೆ ಹಾಕ್ತಿದ್ರು. ದುಡ್ಡು ಕೊಟ್ಟವರಿಗೆ ಫೋಟೋ ಬೇಕು, ಅವರನ್ನೂ ತಪ್ಪು ಅನ್ನೋಕಾಗಲ್ಲ. ಆದ್ರೆ 13 ವರ್ಷದವನು ಸ್ಟೇಜ್ ಮೇಲೆ ಬಂದು ನಿಲ್ಲೋದನ್ನ ನೋಡಿದ್ದೀರಾ? ಗಿಫ್ಟ್ ತಗೊಳ್ತಾನೆ, ಮುಖ ಮಾತ್ರ ಎಲ್ಲೋ. ಅದನ್ನ ನಿಲ್ಲಿಸಿದ್ದು ಒಬ್ಬ ಹಿರಿಯ ಸಿಸ್ಟರ್. ಈಗ 23ನೇ ತಾರೀಕು ಸಂಜೆ ತಾಯಿಯೋ ತಂದೆಯೋ ಬಂದು ಸಾಮಾನು ತಗೊಂಡು ಹೋಗ್ತಾರೆ, ಸುತ್ತೋ ಕಾಗದ ಬೇರೆಯಾಗಿ ಕೊಡ್ತಾರೆ, ಮನೆಯಲ್ಲಿ ತಾವೇ ಸುತ್ತಿ ತಾವೇ ಕೊಡಲಿ ಅಂತ. ಮಗುವಿಗೆ ಅದು ಅಪ್ಪ ಅಮ್ಮ ಕೊಟ್ಟಿದ್ದು. ನಮ್ಮ ಹೆಸರು ಎಲ್ಲೂ ಬರಲ್ಲ. ಇದಾದ ಮೇಲೆ ಚೀಟಿ ತಗೊಳ್ಳೋರು ಸ್ವಲ್ಪ ಕಡಿಮೆ ಆದ್ರು ಅಂತ ಟೀಚರ್ ಹೇಳಿದ್ರು, ಜಾಸ್ತಿ ಏನಲ್ಲ.

ಟೀಚರ ಮನೆಯಲ್ಲಿ ಅವರ ಅತ್ತೆಯ ಹತ್ರ ಈ ವಿಷಯ ಮಾತಾಡ್ತಿದ್ದಾಗ ಅವರು ವಿರಾಜಪೇಟೆಯ ಸಂತ ಅನ್ನಮ್ಮ ಚರ್ಚಿನ ಕತೆ ತೆಗೆದ್ರು. ಟಿಪ್ಪುವಿನ ಸೆರೆಯಿಂದ ತಪ್ಪಿಸ್ಕೊಂಡು ಬಂದ ಕ್ರಿಶ್ಚಿಯನ್ನರಿಗೆ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಜಾಗ ಕೊಟ್ಟಿದ್ದು, 1792ರಲ್ಲಿ ಅಲ್ಲಿ ಚರ್ಚ್ ಆಗಿದ್ದು. "ನಮ್ಮೋರೂ ಹಾಗೇ ಮೂಟೆ ಕಟ್ಕೊಂಡು ಬಂದೋರಲ್ವಾ ಮಗಾ" ಅಂದ್ರು. ಹೇಳಿ, ಕುಲ್‌ಕುಲ್ ತಟ್ಟೆ ನನ್ನ ಕಡೆ ತಳ್ಳಿದ್ರು.

ಈಗ ನನ್ನದೊಂದು ತಕರಾರು ಬಾಕಿ ಇದೆ. ಚೀಟಿ ಕಟ್ಟೋ ಮಕ್ಕಳ ಪಟ್ಟಿ 14 ವರ್ಷಕ್ಕೆ ನಿಲ್ಲುತ್ತೆ. ನನ್ನ ಚೀಟಿಯ ಹುಡುಗ ಮುಂದಿನ ವರ್ಷ ಇನ್ನೊಂದು ಸಲ ಮರದಲ್ಲಿರ್ತಾನೆ, ಅದರ ಮುಂದಿನ ವರ್ಷ ಇರಲ್ಲ. ಆ ವಯಸ್ಸಿಗೇ ಹುಡುಗರು ಸ್ಕೂಲ್ ಬಿಟ್ಟು ಕುಯ್ಲಿಗೆ ಬಂದು ನಿಲ್ಲೋದು, ಚೆಕ್‌ರೋಲಲ್ಲಿ ಹೆಸರು ಬರೀರಿ ಅಂತ ಕೇಳೋದು, ವಯಸ್ಸೆಷ್ಟು ಅಂದ್ರೆ ಎಲ್ಲರೂ ಹದಿನೆಂಟು ಅನ್ನೋದು. 16ರ ತನಕ ಪಟ್ಟಿ ಏರಿಸಿ ಅಂತ ಟೀಚರ ಮೂಲಕ ಹೇಳಿ ಕಳಿಸಿದ್ದೀನಿ. 13ರ ಚೀಟಿಯನ್ನೇ ಯಾರೂ ತಗೊಳ್ಳಲ್ಲ, 16ರದ್ದನ್ನ ಯಾರು ತಗೊಳ್ತಾರೆ ಅಂತ ಫಾದರ್ ಕೇಳಿದ್ರಂತೆ. ನ್ಯಾಯವಾದ ಪ್ರಶ್ನೆಯೇ. ಎರಡು ನಾನು ತಗೊಳ್ತೀನಿ ಅಂದಿದ್ದೀನಿ, ಒಂದು ಮೇಸ್ತ್ರಿ ತಲೆಗೆ ಕಟ್ಟಿದ್ದೀನಿ, ಅವನಿಗಿನ್ನೂ ಹೇಳಿಲ್ಲ.